ನಂಬಿಕೆಗೂ ಸ್ಥಲಗಳುಂಟು

ಹರೆಯದಲ್ಲಿ ದೇವರೇ ಇಲ್ಲವೆಂದು ವಾದಿಸುತ್ತಿದ್ದವರು ಅರವತ್ತಕ್ಕೆ ವಿಭೂತಿ ಹಚ್ಚಿಕೊಂಡು ಕೊಟ್ಟೂರಿಗೆ ಹೊರಟರೆ, ‘ವಯಸ್ಸಾಯ್ತು, ಹೆದರಿಕೆ ಬಂತು’ ಎಂದು ಊರು ತೀರ್ಪು ಕೊಡುತ್ತದೆ. ದಿನಾ ಪೂಜೆ ಮಾಡುತ್ತಿದ್ದವರು ಇಳಿವಯಸ್ಸಿನಲ್ಲಿ ಬಿಟ್ಟರೆ ಅದಕ್ಕೂ ಒಂದು ಮಾತು ಸಿದ್ಧವಿರುತ್ತದೆ. ನಂಬಿಕೆ ಇದ್ದರೆ ಇತ್ತು, ಹೋದರೆ ಹೋಯಿತು ಎಂಬ ಲೆಕ್ಕ ಇದು. ಕೊಟ್ಟೂರು ಸೀಮೆಯ ತತ್ತ್ವಚಿಂತನೆಯ ಲೆಕ್ಕವೇ ಬೇರೆ.

ವೀರಶೈವರ ಪಂಚಪೀಠಗಳಲ್ಲೊಂದಾದ ಉಜ್ಜಿನಿ ಇರುವುದು ಕೊಟ್ಟೂರಿನ ಹತ್ತಿರದಲ್ಲೇ. ಪೀಠ ಪರಂಪರೆಯವರೂ ವಚನಕಾರರನ್ನು ಹಿಡಿದು ನಡೆಯುವವರೂ ಹಲವು ವಿಷಯಗಳಲ್ಲಿ ಜಗಳವಾಡುತ್ತಾರೆ. ಷಟ್‌ಸ್ಥಲವನ್ನು ಮಾತ್ರ ಇಬ್ಬರೂ ಬಿಟ್ಟುಕೊಡುವುದಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಈ ಆರು ಸ್ಥಲಗಳಲ್ಲೂ, ಅಂದರೆ ಹಂತಗಳಲ್ಲೂ, ಇರುವುದು ಭಕ್ತಿಯೇ, ಆದರೆ ಅದರ ಗುಣ ಬದಲಾಗುತ್ತಾ ಸಾಗುತ್ತದೆ. ಭಕ್ತನಲ್ಲಿ ಅದು ಶ್ರದ್ಧೆ, ಮಹೇಶನಲ್ಲಿ ನಿಷ್ಠೆ, ಪ್ರಸಾದಿಯಲ್ಲಿ ಅವಧಾನ. ಮುಂದೆ ಅನುಭಾವ, ಆನಂದ, ಸಮರಸ.

ಮಹೇಶ ಸ್ಥಲದಲ್ಲಿ ತುಸು ನಿಲ್ಲಬೇಕು. ಅಲ್ಲಿ ನಂಬಿಕೆ ಖಡಕ್ಕಾಗಿರುತ್ತದೆ. ಅನ್ಯದೈವವನ್ನು ಸಹಿಸದು, ರಾಜಿಗೆ ಒಪ್ಪದು. ಮೊದಲ ಸಲ ಪಕ್ಷದ ಬಾವುಟ ಹಿಡಿದ ಹುಡುಗನ ಬಿಗುವೂ ಇದೇ. ಷಟ್‌ಸ್ಥಲ ಈ ಬಿಗುವನ್ನು ತಪ್ಪೆನ್ನುವುದಿಲ್ಲ, ದಾಟಲೇಬೇಕಾದ ಘಟ್ಟವೆನ್ನುತ್ತದೆ. ಪ್ರಸಾದಿಯಾದಾಗ ಗಮನ ತಿರುಗುತ್ತದೆ: ನಾನು ಏನನ್ನು ನಂಬುತ್ತೇನೆ ಎಂಬುದಕ್ಕಿಂತ, ಕೈಗೆ ಬಂದದ್ದನ್ನು ಹೇಗೆ ಸ್ವೀಕರಿಸುತ್ತೇನೆ, ಯಾರೊಡನೆ ಹಂಚಿಕೊಳ್ಳುತ್ತೇನೆ ಎಂಬುದು ಮುಖ್ಯವಾಗುತ್ತದೆ.

ಗುರುಬಸವೇಶ್ವರ ತೇರಿನ ಹೊತ್ತಿಗೆ ಕೊಟ್ಟೂರಿನ ರಸ್ತೆಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಪಾದದಲ್ಲಿ ಬೊಬ್ಬೆ ಎದ್ದರೂ ಚಪ್ಪಲಿ ಮೆಟ್ಟದೆ, ಹರಕೆಯ ಹಟದಲ್ಲಿ ನಡೆಯುವ ಯುವಕರು ಒಂದೆಡೆ. ದಾರಿಬದಿಯ ಶಾಮಿಯಾನದಡಿ ಅವರನ್ನು ಕೂರಿಸಿ, ‘ಇನ್ನೊಂದಿಷ್ಟು ಹಾಕಿಸ್ಕೊಳ್ರಪ್ಪಾ’ ಎಂದು ಅನ್ನ ಬಡಿಸುವ ಹಿರಿಯರು ಇನ್ನೊಂದೆಡೆ. ಅವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಹಾಗೇ ನಡೆದವರು. ಅವರ ಭಕ್ತಿ ಕಡಿಮೆಯಾಯಿತೆಂದು ಯಾರು ಹೇಳಿಯಾರು?

ಹಾಗೆಂದು ವಯಸ್ಸೊಂದೇ ಯಾರನ್ನೂ ಸ್ಥಲ ದಾಟಿಸುವುದಿಲ್ಲ. ಷಟ್‌ಸ್ಥಲ ಜ್ಞಾನಿ ಎಂದು ಶರಣರು ಕೊಂಡಾಡಿದ್ದು ಎಳೆಯ ಚೆನ್ನಬಸವಣ್ಣನನ್ನು. ಎಂಬತ್ತಾದರೂ ಮಹೇಶನಲ್ಲೇ ನಿಂತವರಿದ್ದಾರೆ. ಸುಮ್ಮನೆ ದಣಿದು ಎಲ್ಲಕ್ಕೂ ‘ಹೂಂ’ ಅನ್ನುವವರೂ ಇದ್ದಾರೆ. ದಣಿವನ್ನು ಪಕ್ವತೆ ಎಂದು ತಿಳಿಯುವುದೇ ನಾವು ಹೆಚ್ಚಾಗಿ ಎಡವುವ ಜಾಗ.

ರಾಜಕೀಯದಲ್ಲಿ ಈ ವ್ಯತ್ಯಾಸವನ್ನು ಗುರುತಿಸುವುದು ಇನ್ನೂ ಕಷ್ಟ. ಹಡಗಲಿಯ ಎಂ.ಪಿ. ಪ್ರಕಾಶ್ ಲೋಹಿಯಾ ವಿಚಾರಗಳಲ್ಲಿ ಬೆಳೆದವರು. ಜನತಾ ಪರಿವಾರದಲ್ಲಿದ್ದು ಉಪಮುಖ್ಯಮಂತ್ರಿಯಾದರು, 2008ರಲ್ಲಿ ಕಾಂಗ್ರೆಸ್ ಸೇರಿದರು. ಬದಲಾದದ್ದು ಪಕ್ಷವೋ ನಂಬಿಕೆಯೋ? ಪಕ್ಷಾಂತರದ ದಿನಾಂಕ ಈ ಪ್ರಶ್ನೆಗೆ ಉತ್ತರ ಕೊಡದು. ರಂಗಭೂಮಿ, ಸಾಹಿತ್ಯ, ಸಮಾಜವಾದದ ಬಗ್ಗೆ ಅವರಿಗಿದ್ದ ಪ್ರೀತಿಯನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ನಂಬಿಕೆ ಬದಲಾದದ್ದನ್ನು ಮುಚ್ಚಿಡದವರೂ ಇದ್ದಾರೆ. ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕ ಇದೇ ಸೀಮೆಯ ಕೂಡ್ಲಿಗಿಯಲ್ಲಿದೆ. 1920ರ ಸುಮಾರಿಗೆ ಅವರು ಅಂತರ್ಜಾತಿ ವಿವಾಹದ ಮೇಲಿನ ಕಟ್ಟುಪಾಡನ್ನು ಸಮರ್ಥಿಸಿದ್ದರು. 1946ರ ಹೊತ್ತಿಗೆ, ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಆಶೀರ್ವದಿಸುವೆ ಎನ್ನುವಲ್ಲಿಗೆ ಬಂದಿದ್ದರು. ನಡುವೆ 1933ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಓದುಗರಿಗೆ ಒಂದು ಸೂಚನೆ ಕೊಟ್ಟರು: ನನ್ನ ಎರಡು ಮಾತುಗಳು ಹೊಂದದಿದ್ದರೆ ನಂತರದ್ದನ್ನು ಆರಿಸಿಕೊಳ್ಳಿ, ಎಂದು. ಹಳೆಯದನ್ನು ಬಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ. ಎರಡೂ ಅಚ್ಚಿನಲ್ಲಿವೆ, ಯಾರು ಬೇಕಾದರೂ ಪಕ್ಕಪಕ್ಕದಲ್ಲಿಟ್ಟು ಓದಬಹುದು.