ಮೋಡದೊಳಗಿನ ಪ್ರತ್ಯಕ್ಷ

ಎರಡನೇ ಮಹಾಯುದ್ಧದ ಕಾಲದ ಟೈಗರ್ ಮಾತ್ ತರಬೇತಿ ವಿಮಾನದಲ್ಲಿ ಶಿಕ್ಷಕ ಮುಂದೆ, ಶಿಷ್ಯ ಹಿಂದೆ ಕೂರುತ್ತಿದ್ದರು. 1931ರಲ್ಲಿ ಮೊದಲು ಹಾರಿದ ಈ ವಿಮಾನದ ಹಿಂದಿನ ಆಸನಕ್ಕೆ ಮಡಚಿಡಬಹುದಾದ ಬಟ್ಟೆಯ ಮುಸುಕೊಂದಿತ್ತು. ಅದನ್ನು ಎಳೆದುಕೊಂಡರೆ ಶಿಷ್ಯನಿಗೆ ನೆಲವಾಗಲಿ ದಿಗಂತವಾಗಲಿ ಕಾಣದು. ಕಾಣುವುದು ಎದುರಿನ ನಾಲ್ಕಾರು ಮಾಪಕಗಳ ಮುಳ್ಳುಗಳು ಮಾತ್ರ. ಮೈಗೆ ಅನಿಸಿದ್ದನ್ನು ಬದಿಗಿಟ್ಟು ಮುಳ್ಳು ತೋರಿಸಿದ್ದನ್ನು ನಂಬುವುದೇ ಮುಸುಕಿನೊಳಗಿನ ಪಾಠ. ಕಣ್ಣಾರೆ ಮೈಯಾರೆ ತಿಳಿದದ್ದು ಯಾವಾಗ ಪ್ರಮಾಣ, ಯಾವಾಗ ಭ್ರಮೆ ಎಂದು ನಮ್ಮ ದರ್ಶನಕಾರರು ನಡೆಸಿದ ವಾದವೂ ಇದನ್ನೇ ಕುರಿತದ್ದು.

ಮೈ ಸುಳ್ಳು ಹೇಳುವ ಬಗೆ ಸರಳ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆ ತಿರುಗತೊಡಗಿದಾಗ ದ್ರವ ಹಿಂದುಳಿಯುತ್ತದೆ. ಆ ಹಿಂದುಳಿಯುವಿಕೆಯೇ ತಿರುಗುವಿಕೆಯ ಅರಿವು. ತಿರುವು ಒಂದೇ ವೇಗದಲ್ಲಿ ಇಪ್ಪತ್ತು ಸೆಕೆಂಡಿನಷ್ಟು ಮುಂದುವರಿದರೆ ದ್ರವವೂ ನಾಳದ ಜೊತೆ ಸೇರಿಕೊಳ್ಳುತ್ತದೆ, ಅರಿವು ಅಳಿಯುತ್ತದೆ. ಆಗ ವಿಮಾನವನ್ನು ನೇರ ಮಾಡಿದರೆ ಅದು ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಚಾಲಕ ಅದನ್ನು ಸರಿಪಡಿಸಲು ಹೋಗಿ ಮತ್ತೆ ಹಳೆಯ ತಿರುವಿಗೇ ಬೀಳುತ್ತಾನೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಮಾಪಕಗಳನ್ನಷ್ಟೇ ನೋಡಿ ಹಾರುವ ತರಬೇತಿಯಿಲ್ಲದ 20 ಮಂದಿಯನ್ನು ಹೊರನೋಟ ಮರೆಮಾಡಿ ಹಾರಿಸಿತು. ಅವರಲ್ಲಿ ಒಬ್ಬರೂ ವಿಮಾನವನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಿಲ್ಲ. ಹಿಡಿತ ತಪ್ಪಲು ಸರಾಸರಿ 178 ಸೆಕೆಂಡು ಸಾಕಾಯಿತು.

ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಯುದ್ಧದ ದಿನಗಳಲ್ಲಿ ಅದೇ ಸಂಸ್ಥಾನದ ಬೇಗಂಪೇಟೆಯಲ್ಲಿ ಟೈಗರ್ ಮಾತ್‌ಗಳ ಪ್ರಾಥಮಿಕ ಹಾರಾಟ ಶಾಲೆ ನಡೆಯುತ್ತಿತ್ತು. ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 1951ರ ಆಗಸ್ಟ್ 5ರಂದು ಹಾರಿ ಟೈಗರ್ ಮಾತ್‌ನ ಜಾಗಕ್ಕೆ ಬಂತು.

ಪ್ರಮಾಣದ ಪ್ರಶ್ನೆಗೆ ಆಳಂದ, ಜೇವರ್ಗಿಗಳ ಸೀಮೆ ಇನ್ನೂ ಹಳೆಯ ನೆಲೆ. ಭೀಮೆಯನ್ನು ಸೇರುವ ಕಾಗಿಣಾ ದಡದ ಮಳಖೇಡದೊಂದಿಗೆ 14ನೇ ಶತಮಾನದ ದ್ವೈತ ಚಿಂತಕ, ಟೀಕಾಚಾರ್ಯರೆಂದೇ ಹೆಸರಾದ ಜಯತೀರ್ಥರ ಹೆಸರು ಬೆಸೆದುಕೊಂಡಿದೆ. ಅವರ ಪ್ರಮಾಣಪದ್ಧತಿ ಎಂಬ ಗ್ರಂಥ ಅರಿವಿನ ಸಾಧನಗಳನ್ನು ಮೂರೆಂದು ಎಣಿಸುತ್ತದೆ: ಇಂದ್ರಿಯದಿಂದ ನೇರವಾಗಿ ತಿಳಿಯುವ ಪ್ರತ್ಯಕ್ಷ, ಕುರುಹಿನಿಂದ ಊಹಿಸಿ ತಿಳಿಯುವ ಅನುಮಾನ, ಮಾತಿನಿಂದ ತಿಳಿಯುವ ಆಗಮ. ಮೂರಕ್ಕೂ ಹಾಕಿದ ಕಟ್ಟು ಒಂದೇ, ಸಾಧನ ನಿರ್ದೋಷವಾಗಿರಬೇಕು. ಇಂದ್ರಿಯ ವಸ್ತುವನ್ನು ಮುಟ್ಟಿದರಷ್ಟೇ ಸಾಲದು. ಇಂದ್ರಿಯದಲ್ಲೂ ದೋಷ ಇರಬಾರದು, ವಸ್ತುವಿನಲ್ಲೂ ಇರಬಾರದು. ವಸ್ತು ಅತಿ ದೂರವಿರುವುದು, ಅತಿ ಹತ್ತಿರವಿರುವುದು, ನಡುವೆ ಮರೆ ಬರುವುದು, ಮತ್ತೊಂದನ್ನು ಹೋಲುವುದು ಇವೆಲ್ಲ ವಸ್ತುವಿನ ಕಡೆಯ ದೋಷಗಳು. ಮೋಡ ಕವಿದ ದಿಗಂತ ಮರೆಗೆ ಉದಾಹರಣೆ. ದ್ರವ ನಾಳದ ಜೊತೆ ಸೇರಿಕೊಂಡ ಕಿವಿ ಇಂದ್ರಿಯದೋಷಕ್ಕೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಟೈಗರ್ ಮಾತ್‌ನ ಮುಳ್ಳುಗಳು ವಿಮಾನದ ವಾಲುವಿಕೆಯನ್ನು ನೇರವಾಗಿ ತೋರಿಸುತ್ತಿರಲಿಲ್ಲ. ತಿರುವಿನ ಸೂಚಕ ಒಂದು ಕಡೆಗೆ ಸರಿದಿದೆ, ವೇಗ ಏರುತ್ತಿದೆ, ಎತ್ತರ ಇಳಿಯುತ್ತಿದೆ. ಆದ್ದರಿಂದ ವಿಮಾನ ವಾಲಿ ಮೂಗು ತಗ್ಗಿಸಿದೆ ಎಂದು ಶಿಷ್ಯ ಊಹಿಸಬೇಕು. ಇದು ಶುದ್ಧ ಅನುಮಾನ, ಹೊಗೆಯಿಂದ ಬೆಂಕಿಯನ್ನು ತಿಳಿದ ಹಾಗೆ. ಹಾಗಾದರೆ ಅನುಮಾನ ಪ್ರತ್ಯಕ್ಷವನ್ನು ಸೋಲಿಸಿತಲ್ಲ? ಕಂಡ ಜಗತ್ತನ್ನು ತರ್ಕದಿಂದ ಅಲ್ಲಗಳೆಯುವವರೊಂದಿಗೆ ದ್ವೈತಿಗಳು ಜಗಳಕ್ಕಿಳಿದದ್ದು ಈ ಗೆರೆಯ ಮೇಲೆಯೇ.

ಉತ್ತರ ಉಪಜೀವ್ಯ ಎಂಬ ಕಲ್ಪನೆಯಲ್ಲಿದೆ. ಅನುಮಾನ ತಾನು ಯಾವ ಪ್ರತ್ಯಕ್ಷವನ್ನು ಆಧರಿಸಿ ನಿಂತಿದೆಯೋ ಅದನ್ನೇ ಕಡಿಯುವಂತಿಲ್ಲ. ಮುಸುಕಿನೊಳಗಿನ ಅನುಮಾನ ನಿಂತಿರುವುದು ಮುಳ್ಳನ್ನು ಕಂಡ ಕಣ್ಣಿನ ಮೇಲೆ. ಅದು ತಳ್ಳಿಹಾಕುವುದು ಕಿವಿಯ ಅನುಭವವನ್ನು. ಆಧಾರಕ್ಕೆ ಪೆಟ್ಟಾಗಿಲ್ಲ. ಪರೀಕ್ಷೆಗೆ ನಿಂತ ಪ್ರತ್ಯಕ್ಷವೊಂದು ಅನುಮಾನದ ಮೂಲಕ ದೋಷವುಳ್ಳ ಇನ್ನೊಂದನ್ನು ತಿದ್ದಿದೆ, ಅಷ್ಟೆ. ಇಂದ್ರಿಯಗಳೆಲ್ಲ ಮೋಸ ಎಂಬ ತೀರ್ಮಾನಕ್ಕೆ ಹಾರುವವನು ಮುಳ್ಳನ್ನೂ ನಂಬಲಾರ. ಆದರೆ ತೊಡಕೊಂದು ಉಳಿಯುತ್ತದೆ: ಸಮತೋಲದ ಅರಿವಿಗೆ ಪರಂಪರೆಯ ಇಂದ್ರಿಯಪಟ್ಟಿಯಲ್ಲಿ ಬೇರೆ ಸ್ಥಾನವಿಲ್ಲ. ಅದು ಕೇಳುವ ಇಂದ್ರಿಯವಾದ ಶ್ರೋತ್ರದ ಕೆಲಸವಲ್ಲ, ಸ್ಪರ್ಶದ ಇಂದ್ರಿಯವಾದ ತ್ವಕ್ಕಿನದೆಂದು ಪೂರ್ತಿ ಹೇಳಲೂ ಬಾರದು. ಪಟ್ಟಿಯನ್ನು ಬೆಳೆಸುವುದೇ ನೇರವಾದ ದಾರಿ.

ನ್ಯಾಯದರ್ಶನ ಬೇರೊಂದು ಕಡೆಯಿಂದ ಬರುತ್ತದೆ. ಅರಿವು ಸರಿಯೇ ಎಂಬುದು ಅದರಂತೆ ನಡೆದು ಫಲ ಕಂಡಾಗ ತಿಳಿಯುತ್ತದೆ ಎಂಬುದು ಅದರ ನಿಲುವು. ನೀರೆಂದು ಹೋದವನ ದಾಹ ತೀರಿದರೆ ಅದು ನೀರೇ. ಮೋಡದಲ್ಲಿರುವವನಿಗೆ ಆ ಪುರುಸೊತ್ತಿಲ್ಲ, ತಪ್ಪಿದರೆ ಫಲ ನೆಲವೇ. ನೈಯಾಯಿಕ ಸುಮ್ಮನಾಗುವುದಿಲ್ಲ: ಹಿಂದೆ ಫಲ ಕೊಟ್ಟ ಅರಿವಿನ ಜಾತಿಗೇ ಇದೂ ಸೇರಿದ್ದರಿಂದ ನಂಬಬಹುದು ಎನ್ನುತ್ತಾನೆ. ಮುಸುಕೆಳೆದು ಮಾಡಿಸಿದ ಅಭ್ಯಾಸವೆಲ್ಲ ಆ ಹಿಂದಿನ ಫಲಗಳ ಗಳಿಕೆ ಎಂದರೆ ಅವನ ಮಾತಿಗೂ ತೂಕ ಬರುತ್ತದೆ.

ಮೇಲೆ ಹೇಳಿದ ಹೋಲಿಕೆಯ ದೋಷಕ್ಕೆ ಯುದ್ಧಕಾಲದ ತರಬೇತಿ ಚಿತ್ರಗಳಿಗಿಂತ ಚೆನ್ನಾದ ಉದಾಹರಣೆ ಸಿಗದು. ಅಮೆರಿಕದ ಸೇನಾ ವಾಯುಪಡೆ ಇಂಥ ಚಿತ್ರಗಳಿಗಾಗಿ 1942ರಲ್ಲಿ ಚಲನಚಿತ್ರ ಘಟಕವನ್ನು ಕಟ್ಟಿತು. ಜಪಾನಿನ ಜೀರೋ ವಿಮಾನವನ್ನು ಗುರುತಿಸಲು ಕಲಿಸುವ 1943ರ ಚಿತ್ರವೊಂದರಲ್ಲಿ, ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಅಭಿನಯಿಸಿದ ಚಾಲಕ ತನ್ನವರದೇ ಪಿ-40 ವಿಮಾನವನ್ನು ಜೀರೋ ಎಂದು ತಿಳಿದು ಗುಂಡು ಹಾರಿಸುತ್ತಾನೆ. ಇದು ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಕಂಡ ಹಳೆಯ ಕಥೆಯೇ. ದ್ವೈತಿಗಳ ಪ್ರಕಾರ ಅಲ್ಲಿ ಬೆಳ್ಳಿ ಯಾವ ಬಗೆಯಲ್ಲೂ ಇರಲಿಲ್ಲ; ಇದ್ದ ಚಿಪ್ಪು ಇಲ್ಲದ ಬೆಳ್ಳಿಯಾಗಿ ತೋರಿತು. ಚಿತ್ರದ ಬೋಧನೆಯೂ ಅದಕ್ಕೆ ಹತ್ತಿರ. ಅದು ಕಣ್ಣನ್ನು ಶಂಕಿಸು ಎನ್ನುವುದಿಲ್ಲ, ರೆಕ್ಕೆಯ ಆಕಾರವನ್ನೂ ಬಾಲವನ್ನೂ ಬಿಡಿಸಿ ನೋಡು ಎನ್ನುತ್ತದೆ.

ಚಿತ್ರವೂ ಶಿಕ್ಷಕನ ಮಾತೂ ಆಗಮದ ಸಾಲಿಗೆ, ಎಂದರೆ ಆಪ್ತರ ಮಾತಿನ ಸಾಲಿಗೆ ಸೇರುತ್ತವೆ. ಎರಡರ ಬಲ ಒಂದೇ ಅಲ್ಲ. ಚಿತ್ರ ಎಲ್ಲರಿಗೂ ಬರುವ ದೋಷವನ್ನು ಹೇಳಬಲ್ಲದು, ಈ ಕ್ಷಣ ಈ ಶಿಷ್ಯನಿಗೆ ಬಂದ ದೋಷವನ್ನು ಕಾಣಲಾರದು. ಟೈಗರ್ ಮಾತ್‌ನ ಶಿಕ್ಷಕ ಮುಸುಕಿಲ್ಲದೆ ಕೂತು ದಿಗಂತವನ್ನು ನೋಡುತ್ತ, ಮಾತಿನ ಕೊಳವೆಯಲ್ಲಿ ಹಿಂದಿನವನನ್ನು ತಿದ್ದುತ್ತಿದ್ದ. ಶಿಷ್ಯನ ಮುಖ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. 1964ರ ಸೆಪ್ಟೆಂಬರ್ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಕಿರಣ್ ಜೆಟ್ ತರಬೇತಿ ವಿಮಾನದಲ್ಲಿ ಇಬ್ಬರ ಆಸನಗಳೂ ಅಕ್ಕಪಕ್ಕ ಬಂದವು. ಶಿಷ್ಯನ ಕಣ್ಣು ಯಾವ ಮುಳ್ಳಿನ ಮೇಲೆ ನಿಂತಿದೆ, ಯಾವುದನ್ನು ಬಿಟ್ಟಿದೆ ಎಂಬುದನ್ನು ಶಿಕ್ಷಕ ತಿರುಗಿ ನೋಡಿಯೇ ತಿಳಿಯುವಂತಾಯಿತು.