ಪರೀಕ್ಷಿಸದೆ ಒಪ್ಪುವುದು: ಸ್ವತಂತ್ರ ತಂತ್ರಾಂಶ ಮತ್ತು ಆಪ್ತವಾಕ್ಯದ ಪ್ರಶ್ನೆ

ನ್ಯಾಯದರ್ಶನವು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ಯಥಾರ್ಥವಾದ ಅರಿವನ್ನು ಹುಟ್ಟಿಸುವ ಸಾಧನಗಳಲ್ಲಿ, ಕೊನೆಯದಾದ ಶಬ್ದಪ್ರಮಾಣವು ಉಳಿದ ಮೂರರಿಂದ ಒಂದು ಮುಖ್ಯ ವಿಷಯದಲ್ಲಿ ಬೇರೆಯಾಗುತ್ತದೆ: ಅಲ್ಲಿ ಅರಿಯುವವನು ವಸ್ತುವನ್ನು ಸ್ವತಃ ಕಂಡಿರುವುದಿಲ್ಲ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಊಹಿಸಿರುವುದೂ ಇಲ್ಲ; ಬಲ್ಲವನೊಬ್ಬ ಹೇಳಿದನೆಂಬ ಕಾರಣಕ್ಕೆ ಒಪ್ಪಿರುತ್ತಾನೆ. ಹಾಗೆ ಒಪ್ಪಬಹುದಾದ ಮಾತನ್ನು ಆಡುವವನಿಗೆ ಆಪ್ತನೆಂದು ಹೆಸರು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ ಆಪ್ತನಾಗಲು ಬೇಕಾದದ್ದು ವಿಷಯವನ್ನು ಸಾಕ್ಷಾತ್ತಾಗಿ ಅರಿತಿರುವುದು ಮತ್ತು ಅದನ್ನು ಅರಿತ ಹಾಗೆಯೇ ತಿಳಿಸಬೇಕೆಂಬ ಇಚ್ಛೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸಿರುವುದು ಗಮನಾರ್ಹ, ಏಕೆಂದರೆ ಆಪ್ತತ್ವವನ್ನು ಹುಟ್ಟಿನಿಂದ ಬಿಡಿಸಿ ಅರಿವು ಮತ್ತು ಪ್ರಾಮಾಣಿಕತೆಗಳ ಮೇಲೆ ನಿಲ್ಲಿಸಿದ ನಿಲುವು ಅದು. ತಾನು ಪರೀಕ್ಷಿಸದ ಮಾತನ್ನು ಒಪ್ಪುವವನಿಗೆ ದೊರಕುವುದು ಜ್ಞಾನವೋ ಬರಿಯ ನಂಬಿಕೆಯೋ ಎಂಬ ಹಳೆಯ ಪ್ರಶ್ನೆಯು ಇಂದು ತೀರ ದಿನನಿತ್ಯದ ಒಂದು ಕೆಲಸದಲ್ಲಿ, ಕಂಪ್ಯೂಟರಿಗೆ ಹೊಸ ತಂತ್ರಾಂಶವೊಂದನ್ನು ಅಳವಡಿಸಿಕೊಳ್ಳುವ ಕೆಲಸದಲ್ಲಿ, ಮತ್ತೆ ಎದ್ದು ನಿಂತಿದೆ.

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದಂದಿನಿಂದ ಬೆಳೆದುಬಂದ ವಿಚಾರದಂತೆ, ಒಂದು ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಅದು ಹೇಗೆ ಕೆಲಸ ಮಾಡುತ್ತದೆಂದು ಓದಿ ತಿಳಿದು ತಿದ್ದುವ, ಇತರರಿಗೆ ಹಂಚುವ ಮತ್ತು ತಿದ್ದಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬಳಕೆದಾರನಿಗೆ ಇದ್ದರೆ ಅದು ಸ್ವತಂತ್ರ ತಂತ್ರಾಂಶ. ಓದಿ ತಿಳಿಯುವುದಕ್ಕೆ ಮೂಲಸಂಕೇತ, ಅಂದರೆ ಯಂತ್ರಭಾಷೆಗೆ ಇಳಿಸುವ ಮೊದಲು ಮನುಷ್ಯರು ಬರೆದ ಆಜ್ಞೆಗಳ ಪಾಠ, ಕೈಗೆ ಸಿಗಬೇಕು. ಮೂಲಸಂಕೇತ ತೆರೆದಿರುವುದರಿಂದ ಇಲ್ಲಿ ಯಾರನ್ನೂ ನಂಬಬೇಕಾದ ಅಗತ್ಯವಿಲ್ಲವೆಂದು ಈ ಚಳವಳಿಯ ಅಭಿಮಾನಿಗಳು ಕೆಲವೊಮ್ಮೆ ಹೇಳುವುದುಂಟು. ಆ ಮಾತು ನಿಲ್ಲುವಂಥದ್ದಲ್ಲ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಭಂಡಾರದಲ್ಲಿ, 2025ರ ಆಗಸ್ಟ್‌ನಲ್ಲಿ ಹೊರಬಂದ 13ನೆಯ ಆವೃತ್ತಿಯ ಹೊತ್ತಿಗೆ, ಸುಮಾರು 70,000 ಪ್ಯಾಕೇಜುಗಳಿದ್ದವು. ಅವುಗಳಲ್ಲಿ ತಾನು ಬಳಸುವಷ್ಟರ ಮೂಲಸಂಕೇತವನ್ನಾದರೂ ಓದಿ ಮುಗಿಸಲು ಒಬ್ಬ ಮನುಷ್ಯನ ಆಯುಷ್ಯ ಸಾಲದು. ಓದುವ ಹಕ್ಕುಳ್ಳವನೂ ಓದದೆಯೇ ಒಪ್ಪುತ್ತಾನೆ, ಅಂದರೆ ಶಬ್ದಪ್ರಮಾಣದ ಆಸರೆಯಲ್ಲಿಯೇ ಇರುತ್ತಾನೆ.

ಆ ಒಪ್ಪಿಗೆ ಎಷ್ಟು ಆಳವಾದದ್ದೆಂಬುದು ಅಳವಡಿಕೆಯ ಕ್ರಮವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಬಳಕೆದಾರನು ಟರ್ಮಿನಲ್ಲಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು, ಬೇಕಾದ ಪ್ಯಾಕೇಜಿನ ಹೆಸರು ಕೊಟ್ಟು, ಪಾಸ್‌ವರ್ಡ್ ಒತ್ತಿದಾಗ ವ್ಯವಸ್ಥೆಯ ಸರ್ವಾಧಿಕಾರವಾದ ರೂಟ್ ಅಧಿಕಾರವು ಆಪ್ಟ್ ಎಂಬ ನಿರ್ವಾಹಕ ತಂತ್ರಾಂಶದ ಕೈಗೆ ಹೋಗುತ್ತದೆ. ಅದು ಆ ಪ್ಯಾಕೇಜು ಬೇರೆ ಯಾವುವನ್ನು ಅವಲಂಬಿಸಿದೆ, ಅವು ಮತ್ತೆ ಯಾವುವನ್ನು ಅವಲಂಬಿಸಿವೆ ಎಂದು ಲೆಕ್ಕ ಹಾಕಿ ಎಲ್ಲವನ್ನೂ ತರಿಸಿಕೊಳ್ಳುತ್ತದೆ. ಕಡತಗಳು ಬರುವುದು ಎಲ್ಲಿಯೋ ಒಂದು ವಿಶ್ವವಿದ್ಯಾಲಯವು ನಡೆಸುವ ಪ್ರತಿಭಂಡಾರದಿಂದ ಇರಬಹುದು. ಅದನ್ನು ನಡೆಸುವವರನ್ನು ಆಪ್ಟ್ ನಂಬುವುದಿಲ್ಲ. ಪ್ರತಿ ಕಡತದಿಂದ ಗಣಿತದ ಮೂಲಕ ತೆಗೆದ ಹ್ಯಾಶ್ ಎಂಬ ಬೆರಳಚ್ಚನ್ನು ಒಂದು ಸೂಚಿಯೊಡನೆಯೂ, ಆ ಸೂಚಿಯ ಬೆರಳಚ್ಚನ್ನು ‘ರಿಲೀಸ್’ ಎಂಬ ಮೇಲಿನ ಕಡತದೊಡನೆಯೂ ಹೋಲಿಸಿ, ಅದರ ಮೇಲಿರುವ ಡಿಜಿಟಲ್ ಸಹಿಯನ್ನು ಡೆಬಿಯನ್ ಕೀಲಿಯಿಂದ ಪರಿಶೀಲಿಸುತ್ತದೆ. ಆ ಕೀಲಿಯಾದರೋ ವ್ಯವಸ್ಥೆಯನ್ನು ಮೊದಲು ಅಳವಡಿಸಿದ ದಿನವೇ ಅದರ ಜೊತೆಗೆ ಬಂದದ್ದು. ಬಳಿಕ ಪ್ಯಾಕೇಜಿನೊಳಗೆ ಅದರ ನಿರ್ವಾಹಕನು ಬರೆದಿಟ್ಟ ಪುಟ್ಟ ಆಜ್ಞಾಪಟ್ಟಿಗಳು, ಕಡತಗಳನ್ನು ಹರಡುವುದಕ್ಕೆ ಮುಂಚೆ ಒಮ್ಮೆ ಹರಡಿದ ಮೇಲೆ ಒಮ್ಮೆ, ಅದೇ ರೂಟ್ ಅಧಿಕಾರದಲ್ಲಿ ನಡೆಯುತ್ತವೆ. ಮುಖ ನೋಡದ ಒಬ್ಬರು ಬರೆದ ಆಜ್ಞೆಗಳನ್ನು ತನ್ನ ಪೂರ್ಣ ಅಧಿಕಾರ ಕೊಟ್ಟು ನಡೆಸುವುದೇ ಅಳವಡಿಕೆ.

ಸಹಿಯು ಹೇಳುವುದಾದರೂ ಏನು? ಮಾತು ಇಂಥವರಿಂದ ಬಂತು, ದಾರಿಯಲ್ಲಿ ಕೆಡಲಿಲ್ಲ ಎಂಬಷ್ಟನ್ನು ಮಾತ್ರ. ಆಡಿದವರು ಆಪ್ತರೇ ಎಂಬುದನ್ನು ಹೇಳಲಾರದು. ಪುರುಷನ, ಅಂದರೆ ಮಾತಾಡುವ ವ್ಯಕ್ತಿಯ, ದೋಷಗಳನ್ನು ಶಾಸ್ತ್ರಕಾರರು ನಾಲ್ಕಾಗಿ ಎಣಿಸುವುದುಂಟು: ಒಂದನ್ನು ಇನ್ನೊಂದೆಂದು ತಿಳಿಯುವ ಭ್ರಮೆ, ಎಚ್ಚರ ತಪ್ಪುವ ಪ್ರಮಾದ, ಮೋಸಗೊಳಿಸುವ ಇಚ್ಛೆಯಾದ ವಿಪ್ರಲಿಪ್ಸೆ, ಸಾಧನಗಳ ಅಸಾಮರ್ಥ್ಯವಾದ ಕರಣಾಪಾಟವ. ಡೆಬಿಯನ್ನಿನ ಇತಿಹಾಸದಲ್ಲಿ ಇವು ಪುಸ್ತಕದ ವರ್ಗೀಕರಣವಾಗಿ ಉಳಿದಿಲ್ಲ. 2006ರಲ್ಲಿ ಗೂಢಲಿಪಿಯ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ತಪಾಸಣಾ ಸಾಧನವೊಂದು ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸುವ ಸದುದ್ದೇಶದಿಂದ ಮಾಡಿದ ತಿದ್ದುಪಡಿಯು, ಕೀಲಿಗೆ ಬೇಕಾದ ಯಾದೃಚ್ಛಿಕತೆಯನ್ನೇ ಬಹುತೇಕ ಅಳಿಸಿಹಾಕಿತು. ಊಹಿಸಲಾಗದಷ್ಟು ಬಗೆಯ ಕೀಲಿಗಳು ಹುಟ್ಟಬೇಕಾದ ಕಡೆ, ಒಂದೊಂದು ಮಾದರಿಗೂ 32,768ರಷ್ಟು ಮಾತ್ರ ಸಾಧ್ಯವಾದವು. ಆ ತಿದ್ದುಪಡಿ ಎಲ್ಲರ ಕಣ್ಣೆದುರಿಗೇ ಇತ್ತು, ಆದರೂ 2008ರ ಮೇವರೆಗೆ ಅದು ಬೆಳಕಿಗೆ ಬರಲಿಲ್ಲ. ತೆರೆದಿರುವುದೂ ಓದಲ್ಪಡುವುದೂ ಬೇರೆ ಬೇರೆ ಎಂಬುದಕ್ಕೆ ಈ ಪ್ರಮಾದಕ್ಕಿಂತ ಕಠೋರವಾದ ಉದಾಹರಣೆ ಬೇಕಿಲ್ಲ.

ವಿಪ್ರಲಿಪ್ಸೆಯ ಉದಾಹರಣೆ 2024ರದು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದ ಕೆಲಸಕ್ಕೆ ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಸೇರಿಕೊಂಡ ವ್ಯಕ್ತಿಯೊ ಗುಂಪೊ ಎರಡು ವರ್ಷಗಳಿಗೂ ಮೀರಿ ಉಪಯುಕ್ತ ತಿದ್ದುಪಡಿಗಳನ್ನೇ ಕೊಡುತ್ತ ಸಹನಿರ್ವಾಹಕನ ಸ್ಥಾನ ಪಡೆದು, 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ದೂರದಿಂದ ಯಂತ್ರವನ್ನು ವಶಪಡಿಸಿಕೊಳ್ಳಲು ಬರುವ ಗುಪ್ತದ್ವಾರವನ್ನು ಸೇರಿಸಿತು. ಅದನ್ನು ಸಕ್ರಿಯಗೊಳಿಸುವ ಸಾಲುಗಳು ಎಲ್ಲರೂ ನೋಡುವ ಮೂಲಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಗಂಟಿನಲ್ಲಿ ಮಾತ್ರ ಇದ್ದವು. ಡೆಬಿಯನ್ನಿನ ನಿರ್ವಾಹಕರು ತಮಗೆ ಬಂದದ್ದನ್ನು ಪ್ರಾಮಾಣಿಕವಾಗಿ ಮುಂದೆ ಸಾಗಿಸಿದರು. ಎಲ್ಲ ಸಹಿಗಳೂ ಸರಿಯಾಗಿದ್ದವು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಡೆಬಿಯನ್ನಿನ ಅಸ್ಥಿರ ಆವೃತ್ತಿಯಲ್ಲಿ ಗಮನಿಸಿ, ಕಾರಣವನ್ನು ಬೆನ್ನಟ್ಟಿ, ಮಾರ್ಚ್ 29ರಂದು ಬಹಿರಂಗಪಡಿಸಿದ್ದರಿಂದ ಅದು ಸ್ಥಿರ ಆವೃತ್ತಿಯನ್ನು ಮುಟ್ಟಲಿಲ್ಲ.

ಜ್ಞಾನದ ಪ್ರಾಮಾಣ್ಯವು, ಅಂದರೆ ಅದರ ಸತ್ಯತೆಯು, ಎಲ್ಲಿಂದ ತಿಳಿಯುತ್ತದೆಂಬ ಹಳೆಯ ವಾದವನ್ನು ಈ ಘಟನೆ ಒರೆಗೆ ಹಚ್ಚುತ್ತದೆ. ಅರಿವಿನ ಸತ್ಯತೆಯು ಹೊರಗಿನ ಕಾರಣದಿಂದ, ಮುಖ್ಯವಾಗಿ ಅದನ್ನು ನಂಬಿ ಮಾಡಿದ ಪ್ರವೃತ್ತಿಯು ಸಫಲವಾಗುವುದರಿಂದ, ತಿಳಿಯುತ್ತದೆಂಬುದು ನೈಯಾಯಿಕರ ಪರತಃಪ್ರಾಮಾಣ್ಯವಾದ. ನೀರೆಂದು ತಿಳಿದು ಕುಡಿದವನ ಬಾಯಾರಿಕೆ ತಣಿದರೆ ಆ ಅರಿವು ಸತ್ಯ. ಆದರೆ ಎಕ್ಸ್‌ಝಡ್ ಬಳಸಿದವರ ಕಡತಗಳೆಲ್ಲ ಸರಿಯಾಗಿಯೇ ಕುಗ್ಗುತ್ತಿದ್ದವು, ಪ್ರವೃತ್ತಿ ಸಫಲವಾಗಿಯೇ ಇತ್ತು. ಮೀಮಾಂಸಕರು ಹೇಳುವ ಸ್ವತಃಪ್ರಾಮಾಣ್ಯವು ಇಲ್ಲಿ ಹೆಚ್ಚು ಹೊಂದುತ್ತದೆ: ಅರಿವು ತಾನಾಗಿಯೇ ಪ್ರಮಾಣವೆಂದು ಹುಟ್ಟುತ್ತದೆ, ಅದನ್ನು ಅಲ್ಲಗಳೆಯುವ ಬಾಧಕ ಜ್ಞಾನವೋ ಕಾರಣದಲ್ಲಿರುವ ದೋಷದ ಅರಿವೋ ಬಂದಾಗ ಮಾತ್ರ ಬಿದ್ದುಹೋಗುತ್ತದೆ. ಆ ಅರ್ಧ ಸೆಕೆಂಡು ಅಂಥ ಬಾಧಕಕ್ಕೆ ದಾರಿ ಮಾಡಿತು. ಜನರು ತಂತ್ರಾಂಶವನ್ನು ವಾಸ್ತವದಲ್ಲಿ ಒಪ್ಪುವ ಬಗೆಯೂ ಇದೇ. ಹಾಗಿದ್ದ ಮೇಲೆ ಕೇಳಬೇಕಾದ ಪ್ರಶ್ನೆಯೆಂದರೆ ಬಾಧಕವು ಹುಟ್ಟಲು ಆ ವ್ಯವಸ್ಥೆಯಲ್ಲಿ ಎಡೆಯಿದೆಯೇ ಎಂಬುದು. ಮೂಲಸಂಕೇತವನ್ನು ಮುಚ್ಚಿಟ್ಟು, ಬಿಚ್ಚಿ ನೋಡುವುದನ್ನೇ ಪರವಾನಗಿಯ ಮೂಲಕ ನಿಷೇಧಿಸಿದ ತಂತ್ರಾಂಶದಲ್ಲಿ ಅನುಮಾನ ಬಂದರೂ ಅದು ಅನುಮಾನವಾಗಿಯೇ ಉಳಿಯುತ್ತದೆ. ಫ್ರಾಯಿಂಡ್ ಅವರ ಅನುಮಾನ ಕೆಲವೇ ದಿನಗಳಲ್ಲಿ ನಿರ್ಣಯವಾಯಿತು, ಏಕೆಂದರೆ ಪ್ರತಿ ಹೆಜ್ಜೆಯಲ್ಲಿಯೂ ಬಾಗಿಲು ತೆರೆದಿತ್ತು.

ಆ ನಾಲ್ಕು ದೋಷಗಳಲ್ಲಿ ಕರಣಾಪಾಟವವು ಎಲ್ಲಕ್ಕಿಂತ ಆಳವಾದದ್ದು. ಮೂಲಸಂಕೇತವನ್ನು ಯಂತ್ರಭಾಷೆಗೆ ಇಳಿಸುವ ಸಾಧನವಾದ ಕಂಪೈಲರೇ ಕೆಟ್ಟಿದ್ದರೆ ಶುದ್ಧವಾದ ಪಾಠದಿಂದಲೂ ಅಶುದ್ಧವಾದ ತಂತ್ರಾಂಶ ಹುಟ್ಟುತ್ತದೆಂದೂ, ಆ ಕೇಡು ಕಂಪೈಲರಿನ ಮೂಲಸಂಕೇತದಲ್ಲಿ ಕುರುಹೂ ಉಳಿಯದಂತೆ ಅದರ ಮುಂದಿನ ಪೀಳಿಗೆಗಳಿಗೆ ದಾಟಬಲ್ಲದೆಂದೂ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದರು. ಹಾಗಾದರೆ ಕಂಪೈಲರನ್ನು ಪರೀಕ್ಷಿಸಬೇಕು, ಪರೀಕ್ಷಿಸುವ ಸಾಧನವನ್ನು ಮತ್ತೆ ಪರೀಕ್ಷಿಸಬೇಕು; ಕೊನೆಯೇ ಇಲ್ಲದ ಈ ಸರಣಿಗೆ ತರ್ಕಶಾಸ್ತ್ರದಲ್ಲಿ ಅನವಸ್ಥಾದೋಷವೆಂದು ಹೆಸರು. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ, ಮುಂದೆ ಜಯತೀರ್ಥರು ವಿಶದಪಡಿಸಿದಂತೆ, ಪ್ರಾಮಾಣ್ಯವನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮಸ್ವರೂಪವೇ ಆದ ಅರಿಯುವ ಶಕ್ತಿ; ಸಂಶಯವಿರುವಲ್ಲಿ ಪರೀಕ್ಷೆ ನಡೆಯಬೇಕು, ಆದರೆ ಸಾಕ್ಷಿಯು ನಿಶ್ಚಯಿಸಿದಲ್ಲಿ ಆ ಸರಣಿ ನಿಲ್ಲುತ್ತದೆ. ಪರೀಕ್ಷೆಯನ್ನು ಬಿಡದೆಯೂ ಅದನ್ನು ಅನಂತವಾಗಿಸದೆಯೂ ನಿಲ್ಲುವ ಈ ನಿಲುವು ಮೇಲಿನ ಎರಡು ವಾದಗಳಿಗಿಂತ ಅನುಭವಕ್ಕೆ ಹತ್ತಿರವಾಗಿದೆ.

ಡೆಬಿಯನ್ 2013ರಿಂದ ನಡೆಸಿಕೊಂಡು ಬಂದಿರುವ ಪುನರುತ್ಪಾದ್ಯ ನಿರ್ಮಾಣದ ಪ್ರಯತ್ನವನ್ನು ಈ ಬೆಳಕಿನಲ್ಲಿ ನೋಡಬೇಕು. ಒಂದೇ ಮೂಲಸಂಕೇತವನ್ನು ಬೇರೆ ಬೇರೆ ಜನರು ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಿದಾಗಲೂ ಒಂದು ಬಿಟ್ಟಿನ ವ್ಯತ್ಯಾಸವಿಲ್ಲದೆ ಅದೇ ಪ್ಯಾಕೇಜು ಬರುವಂತೆ ಮಾಡಿದರೆ, ಕಟ್ಟುವವನನ್ನು ನಂಬುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ದೋಷವು ಪುರುಷನಿಂದ ಬರುವುದರಿಂದ ಪುರುಷನೇ ಇಲ್ಲದ ಮಾತು ನಿರ್ದೋಷವೆಂಬ ಅಪೌರುಷೇಯತ್ವದ ವಾದಕ್ಕೆ ಇದು ತಾಂತ್ರಿಕ ಲೋಕದಲ್ಲಿ ಸಿಗಬಹುದಾದ ಅತಿ ಸಮೀಪದ ರೂಪ. ಸಮೀಪವೇ ಹೊರತು ಅದೇ ಅಲ್ಲ. ಮೂಲಸಂಕೇತವನ್ನು ಬರೆದವರು ಮನುಷ್ಯರಾಗಿರುವವರೆಗೆ ಆಪ್ತನ ಅಗತ್ಯ ತೀರುವುದಿಲ್ಲ.

ಆದುದರಿಂದ ಇಲ್ಲಿ ಆಪ್ತತ್ವವು ಒಬ್ಬ ವ್ಯಕ್ತಿಯ ಗುಣವಾಗಿ ಉಳಿಯದೆ ಒಂದು ಸಮುದಾಯದ ಕ್ರಮವಾಗುತ್ತದೆ. 1997ರಲ್ಲಿ ಅಂಗೀಕರಿಸಿದ ಸಾಮಾಜಿಕ ಒಪ್ಪಂದದಲ್ಲಿ ಡೆಬಿಯನ್ ತನ್ನ ದೋಷಗಳನ್ನು ಬಚ್ಚಿಡುವುದಿಲ್ಲವೆಂದು ಮಾತು ಕೊಟ್ಟಿದೆ. ದೋಷವರದಿಗಳ ಸಂಗ್ರಹವು ಎಲ್ಲರ ಓದಿಗೂ ತೆರೆದಿದೆ. ಕಂಡದ್ದನ್ನು ಕಂಡ ಹಾಗೆಯೇ ಹೇಳುವ ಇಚ್ಛೆಯೆಂಬ ವಾತ್ಸ್ಯಾಯನನ ಲಕ್ಷಣವನ್ನು ಒಂದು ಸಂಸ್ಥೆಯು ತನ್ನ ನಿಯಮವಾಗಿ ಬರೆದುಕೊಂಡ ಸಂದರ್ಭಗಳು ವಿರಳ. ಈ ಕ್ರಮದ ಹೊರಗಿನಿಂದ, ಎಲ್ಲಿಯೋ ಸಿಕ್ಕ ಆಜ್ಞೆಯ ಸಾಲನ್ನು ನಕಲು ಮಾಡಿ ರೂಟ್ ಅಧಿಕಾರದಲ್ಲಿ ನಡೆಸುವ ಅಭ್ಯಾಸವನ್ನು ಶಬ್ದಪ್ರಮಾಣವೆಂದು ಕರೆಯಲಾಗದು; ಅಲ್ಲಿ ಮಾತಿದೆ, ಹೊಣೆ ಹೊತ್ತವರಿಲ್ಲ.

ಕೇಳುವವನಿಗೂ ಈ ಕ್ರಮದಲ್ಲಿ ಪಾಲಿದೆ, ಕನ್ನಡಿಗರಿಗೆ ವಿಶೇಷವಾದ ಪಾಲಿದೆ. ಡೆಬಿಯನ್ ಅಳವಡಿಕೆಯ ಪರದೆಗಳನ್ನು ಕನ್ನಡದಲ್ಲಿಯೂ ಓದಬಹುದು. ಅಲ್ಲಿ ಒಂದು ಒತ್ತಕ್ಷರ ಸ್ಥಾನ ತಪ್ಪಿದರೆ, ಒಂದು ವಾಕ್ಯ ಅರ್ಥಗೆಟ್ಟರೆ, ಅದನ್ನು ಸಾಕ್ಷಾತ್ತಾಗಿ ಕಾಣಬಲ್ಲವರು ಕನ್ನಡ ಓದುವವರು ಮಾತ್ರ, ಆ ವಿಷಯದಲ್ಲಿ ಆಪ್ತರೂ ಅವರೇ. ಕಂಡ ದೋಷವನ್ನು ತಿಳಿಸಲು ಡೆಬಿಯನ್ನಿನಲ್ಲಿ ಸದಸ್ಯತ್ವ ಬೇಕಿಲ್ಲ, ಖಾತೆಯೂ ಬೇಕಿಲ್ಲ. ಒಂದು ಇಮೇಲ್ ಸಾಕು.