ಅಂಚು ಕೂಡಿದರೆ ಗಾಯ ಮಾಯುವುದೇ?



ಕುಡುಗೋಲು ತಗುಲಿ ಬೆರಳು ಕೊಯ್ದುಕೊಂಡ ಕೃಷಿಕರು, ಆಟದಲ್ಲಿ ಬಿದ್ದು ಹಣೆ ಒಡೆದುಕೊಂಡ ಮಕ್ಕಳು ಗಂಗಾವತಿಯ ಗದ್ದೆಬಯಲಿನಲ್ಲಾಗಲಿ, ಕುಷ್ಟಗಿ, ಯಲಬುರ್ಗಾಗಳ ಒಣನೆಲದಲ್ಲಾಗಲಿ ಅಪರೂಪವಲ್ಲ. ಇಂಥ ಗಾಯವೆಂದರೆ ಸೂಜಿ ಮತ್ತು ಹೊಲಿಗೆ ಎಂಬ ಭಯ ನಮ್ಮಲ್ಲಿ ಹಿಂದಿನಿಂದಲೂ ಇದೆ. ಈಗ ಸಣ್ಣದಾದ, ನೇರವಾದ, ಶುಚಿಯಾದ ಗಾಯವನ್ನು ವೈದ್ಯರು ಅಂಟಿನಿಂದಲೂ ಮುಚ್ಚಬಲ್ಲರು. ನೋವು ಕಡಿಮೆ, ಸಮಯವೂ ಕಡಿಮೆ. ಹೊಲಿಗೆ ಬಿಚ್ಚಿಸಲು ಮತ್ತೆ ಬರಬೇಕಿಲ್ಲ. ಈ ಉಪಕಾರವನ್ನು ಸ್ಮರಿಸುತ್ತಲೇ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇನೆ: ಗಾಯ ಮುಚ್ಚುವುದೂ ಗಾಯ ಮಾಯುವುದೂ ಒಂದೇ ಏನು?

ಈ ಅಂಟಿನ ಚರಿತ್ರೆಯೇ ವಿಚಿತ್ರವಾದುದು. 1942ರಲ್ಲಿ, ಮಹಾಯುದ್ಧದ ನಡುವೆ, ಅಮೆರಿಕದ ಕೊಡಾಕ್ ಸಂಸ್ಥೆಯ ವಿಜ್ಞಾನಿ ಹ್ಯಾರಿ ಕೂವರ್ ಬಂದೂಕಿನ ಗುರಿನೋಟಕಕ್ಕಾಗಿ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದರು. ಕೈಗೆ ಬಂದ ಸಯನೋಅಕ್ರಿಲೇಟ್ ಎಂಬ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡಿತು. ಕೆಲಸಕ್ಕೆ ಬಾರದೆಂದು ಅದನ್ನು ಬದಿಗಿಟ್ಟರು. ಅದೇ ವಸ್ತು 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರ ರಕ್ತಸ್ರಾವವನ್ನು ತಡೆಯಲು ಅದನ್ನು ಸಿಂಪಡಿಸಿದರು. ಚರ್ಮದ ಗಾಯಕ್ಕೆಂದೇ ರೂಪಿಸಿದ ಬಗೆಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂಗಡಿಯಲ್ಲಿ ಸಿಗುವ ಅಂಟು ಇದೇ ಕುಲದ್ದಾದರೂ ಬೇರೆ ಬಗೆಯದು. ಅದು ಅಂಗಾಂಶವನ್ನು ಕೆಡಿಸಬಲ್ಲದಾದ್ದರಿಂದ ಮನೆಯಲ್ಲಿ ಯಾರೂ ಗಾಯಕ್ಕೆ ಹಚ್ಚಬಾರದು.

ಇನ್ನೊಂದು ಬಗೆಯ ಅಂಟು ಫೈಬ್ರಿನ್. ಇದು ಮನುಷ್ಯರ ರಕ್ತದ ಪ್ಲಾಸ್ಮಾದಿಂದ ಬರುತ್ತದೆ. ಅದರೊಳಗಿನ ಫೈಬ್ರಿನೋಜನ್ ಮತ್ತು ಥ್ರಾಂಬಿನ್ ಕೂಡಿದಾಗ, ನಮ್ಮ ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವೇ ಮರುಕಳಿಸುತ್ತದೆ. ಕಣ್ಣಿನ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ತೆಳುಪೊರೆಯನ್ನು ಹೊಲಿಗೆಯಿಲ್ಲದೆ ಕೂರಿಸಲು ಇದು ನೆರವಾಗುತ್ತದೆ. ಯಾರೋ ಅಪರಿಚಿತರ ರಕ್ತದ ಅಂಶ ಇನ್ನಾರದೋ ದೇಹವನ್ನು ಕೂಡಿಸುತ್ತದೆ. ದಾನಿಯ ಜಾತಿ ಯಾವುದೆಂದು ಆ ಸೀಸೆಯ ಮೇಲೆ ಬರೆದಿರುವುದಿಲ್ಲ, ರೋಗಿಯೂ ಕೇಳುವುದಿಲ್ಲ.

ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಭಾಗಗಳನ್ನು ಹುಣಸೆಬೀಜದ ಸರಿಯಿಂದ ಮಾಡಿದ ಅಂಟಿನಿಂದ ಜೋಡಿಸುತ್ತಾರೆ. ಅಲ್ಲಿ ಅಂಟೇ ಸರ್ವಸ್ವ. ಮರ ತಾನಾಗಿ ಬೆಸೆದುಕೊಳ್ಳಲಾರದು. ದೇಹದಲ್ಲಿ ಹಾಗಲ್ಲ. ವೈದ್ಯರು ಮೊದಲು ಗಾಯವನ್ನು ತೊಳೆಯುತ್ತಾರೆ, ಗಾಜಿನ ಚೂರು, ಮಣ್ಣು ಒಳಗಿದೆಯೇ ಎಂದು ನೋಡುತ್ತಾರೆ, ರಕ್ತ ನಿಲ್ಲಿಸುತ್ತಾರೆ, ಅನಂತರ ಎರಡೂ ಅಂಚುಗಳನ್ನು ಹತ್ತಿರ ತಂದು, ಮೇಲ್ಭಾಗದಲ್ಲಿ ಮಾತ್ರ ಅಂಟು ಹಚ್ಚುತ್ತಾರೆ. ಅಂಚುಗಳ ನಡುವೆ ಇಳಿದ ಅಂಟು ಮಾಯುವುದಕ್ಕೆ ಅಡ್ಡಿಯಾಗುತ್ತದೆ. ಬೆಸೆಯುವ ಕೆಲಸ ಒಳಗಿನ ಜೀವಂತ ಅಂಗಾಂಶದ್ದು. ಅಲ್ಲಿಯವರೆಗೆ ಹಿಡಿದಿಡುವುದಷ್ಟೇ ಅಂಟಿನದು. ಐದರಿಂದ ಹತ್ತು ದಿನಗಳಲ್ಲಿ ಅದು ತಾನೇ ಉದುರುತ್ತದೆ. ಕೀವಾದ ಗಾಯಕ್ಕೆ, ನಾಯಿ ಕಚ್ಚಿದ ಗಾಯಕ್ಕೆ, ಸದಾ ಎಳೆತವಿರುವ ಕೀಲಿನ ಮೇಲಿನ ಗಾಯಕ್ಕೆ ಅದು ಸಲ್ಲದು. ಕೊಳೆಯನ್ನು ಒಳಗಿಟ್ಟು ಮುಚ್ಚಿದ ಗಾಯ ಹೊರಗೆ ನುಣುಪಾಗಿ ಕಾಣುತ್ತಲೇ ಒಳಗೆ ಕೀವು ಕಟ್ಟುತ್ತದೆ.

ಊರಿನ ಗಾಯಗಳ ವಿಷಯದಲ್ಲಿ ನಾವು ಈ ಕ್ರಮವನ್ನು ಪಾಲಿಸುತ್ತೇವೆಯೇ? 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿತೆಂದು, ಶುದ್ಧೀಕರಣಕ್ಕಾಗಿ 25 ಸಾವಿರ ರೂಪಾಯಿ ಕೊಡುವಂತೆ ಹೆತ್ತವರನ್ನು ಕೇಳಲಾಯಿತು. ದೂರು ಕೊಡಲು ಆ ಕುಟುಂಬ ಮುಂದಾಗಲಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಪ್ರವೇಶವನ್ನು ದಲಿತರಿಗೆ ನಿರಾಕರಿಸಿದ ಹಿನ್ನೆಲೆಯಲ್ಲಿ ಬೆಳೆದ ವೈಷಮ್ಯ, 2014ರ ಆಗಸ್ಟಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯವು 101 ಮಂದಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಮಂದಿಗೆ ಜೀವಾವಧಿ. ಮರುತಿಂಗಳು ಹೈಕೋರ್ಟಿನ ಧಾರವಾಡ ಪೀಠವು ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು.

ಇಂಥ ಸಂದರ್ಭಗಳಲ್ಲಿ ಹಿರಿಯರು ಆಡುವ ಮಾತೊಂದಿದೆ: “ಆದದ್ದು ಆಗಿ ಹೋಯಿತು, ಕೆದಕುವುದು ಬೇಡ, ಎಲ್ಲರೂ ಕೂಡಿ ಬಾಳೋಣ.” ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಸದಾ ಕೆದಕುವ ಗಾಯ ಮಾಯದು. ಒಂದೇ ಊರಿನ ಬೀದಿಯಲ್ಲಿ ನಾಳೆಯೂ ಇಬ್ಬರೂ ನಡೆಯಬೇಕು. ಆದರೆ ಈ ಮಾತನ್ನು ಯಾರು, ಯಾವಾಗ ಆಡುತ್ತಾರೆಂಬುದನ್ನು ಗಮನಿಸಿರಿ. ತೊಳೆಯುವ ಮುನ್ನವೇ ಆಡಿದರೆ ಅದು ಕೊಳೆಯ ಮೇಲೆ ಹಚ್ಚಿದ ಅಂಟು. ನೋಯಿಸಿದವರು ಆಡಿದರೆ, ತೊಳೆಯುವ ಉರಿಯನ್ನು ತಪ್ಪಿಸಿಕೊಳ್ಳುವ ಉಪಾಯ. ಗಾಯಗೊಂಡವರ ಮೌನವನ್ನು ಸಮ್ಮತಿಯೆಂದು ಭಾವಿಸುವುದೂ ಇಂಥದೇ ತಪ್ಪು. ಅದೇ ಊರಿನಲ್ಲಿ ಬದುಕಬೇಕಾದವರ ಮೌನಕ್ಕೆ ಭಯವೂ ಕಾರಣವಾಗಿರಬಹುದು.

ಹಾಗಾದರೆ ನ್ಯಾಯಾಲಯದ ತೀರ್ಪೇ ಮಾಯುವಿಕೆಯೇ? ಅದೂ ಅಲ್ಲ. ತೀರ್ಪು ಗಾಯವನ್ನು ತೆರೆದು ತೊಳೆಯಬಲ್ಲದು, ಹಿಡಿದಿಡಬಲ್ಲದು, ಬೆಸೆಯಲಾರದು. ಕ್ಷೌರದಂಗಡಿಯ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರುವ, ಹೋಟೆಲಿನ ಒಂದೇ ಲೋಟದಲ್ಲಿ ಎಲ್ಲರೂ ಚಹಾ ಕುಡಿಯುವ ದಿನನಿತ್ಯದ ಬದುಕೇ ಒಳಗಿನ ಅಂಗಾಂಶ. ಅದು ಬೆಳೆದಾಗ ಕಾನೂನಿನ ಕಾವಲು ತಾನಾಗಿಯೇ ಅನಗತ್ಯವಾಗುತ್ತದೆ, ಮಾಯ್ದ ಗಾಯದಿಂದ ಅಂಟು ಉದುರುವಂತೆ. ಅದಕ್ಕೆ ಮೊದಲೇ ಕಿತ್ತರೆ ಗಾಯ ಬಾಯ್ದೆರೆಯುತ್ತದೆ.

ಶುಭಸಂದೇಶದ ಸಮಾರಿಯದವನು ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿ ಹೊರಟುಬಿಡಲಿಲ್ಲ. ಛತ್ರಕ್ಕೆ ಕರೆದೊಯ್ದು, ಮುಂದಿನ ಆರೈಕೆಗೂ ಹಣ ಕೊಟ್ಟನು. ಓದುಗರೇ, ತಮ್ಮ ಮನೆಯಲ್ಲಿ, ಕೇರಿಯಲ್ಲಿ ರಾಜಿ ಮಾಡಿಸಲು ತಮ್ಮನ್ನು ಕರೆದಾಗ ಕೈಕೈ ಹಿಡಿಸುವ ಮುನ್ನ ಕೇಳಿರಿ: ಒಳಗೆ ಉಳಿದಿರುವುದೇನು? ಅದನ್ನು ಹೇಳಲು ನೊಂದವರಿಗೆ ಅವಕಾಶ ಸಿಕ್ಕಿದೆಯೇ? ಮತ್ತು ಹತ್ತು ದಿನಗಳ ಬಳಿಕ ಇನ್ನೊಮ್ಮೆ ಹೋಗಿ ನೋಡಿರಿ.